ಣ ಮತ್ತು ತ ನಡುವಿನ ಜಾಗ

"ಗುರುಗಳೇ, ಯಾರಿಂದಲೂ ಏನನ್ನೂ ಪಡೆಯದವನು ಯಾರನ್ನು ನೆನೆಯಬೇಕು?"

ಕೇಳಿದವನು ಚನ್ನವೀರ. ಮಠದಲ್ಲಿದ್ದು ಓದು ಮುಗಿಸಿದ ಶಿಷ್ಯ. ಮರುದಿನ ಬೆಳಿಗ್ಗೆ ಬೇರೊಂದು ಊರಿನ ಪಾಠಶಾಲೆಯನ್ನು ನೋಡಿಕೊಳ್ಳಲು ಹೊರಡುವವನಿದ್ದ. ಹೊರಡುವ ಶಿಷ್ಯ ಎಲ್ಲರೆದುರು ನಿಂತು, ತನಗೆ ಉಪಕಾರ ಮಾಡಿದವರ ಹೆಸರು ಹೇಳಿ, ಕೈಮುಗಿದು ಹೋಗಬೇಕು ಎಂಬುದು ಆ ಮಠದ ವಾಡಿಕೆ. ಆ ಹೆಸರುಗಳನ್ನು ಯೋಚಿಸುತ್ತ ಕೂತು ಅವನು ಸಂಜೆಯ ಮಾತಿಗೆ ತಡವಾಗಿ ಬಂದಿದ್ದ. ಪಡಸಾಲೆ ತುಂಬಿತ್ತು. ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಸರಿದು ಜಾಗ ಬಿಟ್ಟರು. ಅವನು ಕಂಬಕ್ಕೆ ಒರಗಿ ಕೂತು, ಗುರುಗಳ ಮಾತು ನಿಲ್ಲುವುದನ್ನೇ ಕಾದು, ಈ ಪ್ರಶ್ನೆ ಕೇಳಿದ.

"ನನ್ನ ಹೆಸರು ಹೇಳಬೇಡ," ಎಂದರು ಗುರುಗಳು. "ಕಲಿಸುವುದು ನನ್ನ ಕೆಲಸ. ಮಠದ ಹೆಸರೂ ಬೇಡ. ಅನ್ನ ಹಾಕುವುದು ಮಠದ ಕೆಲಸ. ಅದು ಬಿಟ್ಟು ಯಾರೂ ಇಲ್ಲವೇ?"

"ಪ್ರಾಮಾಣಿಕವಾಗಿ ಯೋಚಿಸಿದೆ ಗುರುಗಳೇ. ಯಾರೂ ನನ್ನ ಕೈಹಿಡಿದು ಮೇಲೆತ್ತಲಿಲ್ಲ. ಯಾರೂ ಒಂದು ಶಿಫಾರಸು ಮಾಡಲಿಲ್ಲ. ನಾನೇ ಓದಿದೆ, ನಾನೇ ಇಲ್ಲಿವರೆಗೆ ಬಂದೆ. ಇಲ್ಲದ ಉಪಕಾರವನ್ನು ಇದೆ ಎಂದರೆ ಸುಳ್ಳಾಗುತ್ತದೆ. ನಾಳೆ ಸುಳ್ಳು ಹೇಳಿ ಹೊರಡಲು ನನಗೆ ಮನಸ್ಸಿಲ್ಲ."

ಅವನ ಮಾತಿನಲ್ಲಿ ಸೊಕ್ಕಿರಲಿಲ್ಲ, ಕಳವಳವಿತ್ತು. ಅದನ್ನು ಕಂಡು ಗುರುಗಳು ಬೈಯಲಿಲ್ಲ. ಕಾಲು ಮಡಚಿಕೊಂಡು ಸರಿಯಾಗಿ ಕೂತು ಕತೆ ಶುರುಮಾಡಿದರು.

ಒಬ್ಬ ಅಕ್ಷರಗಾರನಿದ್ದ.

ಅಕ್ಷರಗಾರ ಅಂದರೆ ಕತೆ ಕವಿತೆ ಬರೆಯುವವನಲ್ಲ ತಮ್ಮಾ. ಅಕ್ಷರವನ್ನೇ ಮಾಡುವವನು. ನೀವು ಪೇಪರು ಓದುತ್ತೀರಿ, ಬಸ್ಸಿನ ಬೋರ್ಡು ಓದುತ್ತೀರಿ, ಹೊತ್ತು ಹೋಗಲಿಲ್ಲ ಅಂದರೆ ಮೊಬೈಲು ತಿಕ್ಕುತ್ತ ಕೂಡುತ್ತೀರಿ. ಅಲ್ಲಿರುವ ಒಂದೊಂದು ಅಕ್ಷರವನ್ನೂ ಯಾರೋ ಕಣ್ಣು ಕಿರಿದು ಮಾಡಿಕೊಂಡು ಬರೆದಿರುತ್ತಾರೆ ಅನ್ನುವುದು ನಿಮ್ಮ ತಲೆಗೆ ಹೋಗುವುದಿಲ್ಲ. ನನ್ನ ತಲೆಗೂ ಹೋಗಿರಲಿಲ್ಲ. ಅವನೇ ಇಲ್ಲಿ ಬಂದು ಕೂತು ಹೇಳಿದ ಮೇಲೆ ತಿಳಿಯಿತು. ಈಗ ಅದನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಫಾಂಟ್ ಅನ್ನುತ್ತಾರೆ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಚೌಕಟ್ಟು. ಚೌಕಟ್ಟಿನ ನಡುವೆ ಅಕ್ಷರ. ಅದರ ಎಡಕ್ಕೆ ಒಂದಿಷ್ಟು ಖಾಲಿ, ಬಲಕ್ಕೆ ಒಂದಿಷ್ಟು ಖಾಲಿ. ಆ ಖಾಲಿ ಎಷ್ಟಿರಬೇಕು ಅನ್ನುವುದೇ ಆ ಕಸುಬಿನ ಅರ್ಧ ಭಾಗವಂತೆ.

ಅವನ ಅಪ್ಪ ಅಮ್ಮ ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವವರು. ಕ್ವಾರಿ ಎಲ್ಲಿಯೋ ಅವರ ಸಂಸಾರ ಅಲ್ಲಿ. ಹಾಗೆ ಅಲೆಯುತ್ತ ಒಂದು ಊರಿಗೆ ಬಂದು ನೆಲೆ ನಿಂತರು. ಆ ಊರಿನ ಒಂದೇ ಕೋಣೆಯ ಶಾಲೆಯಲ್ಲಿ ಇವನು ಅಕ್ಷರ ಕಲಿತ. ಕಲಿಸಿದವರು ಒಬ್ಬ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರಲ್ಲ, ಊರಿಗೆಲ್ಲ ಅವರು ಅಕ್ಕೋರು. ಮುಂದೆ ಅವನು ಪಟ್ಟಣಕ್ಕೆ ಹೋದ, ಕಸುಬು ಕಲಿತ, ಹೆಸರು ಮಾಡಿದ. ಯಾರಿಗೆ ಋಣಿ ಅಂತ ಕೇಳಿದರೆ ಅಕ್ಕೋರಿಗೆ ಅನ್ನುತ್ತಿದ್ದ. ಇನ್ನು ಯಾರಿಗೆ ಅಂದರೆ ಇನ್ನು ಯಾರಿಗೂ ಇಲ್ಲ ಅನ್ನುತ್ತಿದ್ದ. ನಿನ್ನ ಹಾಗೇ ಲೆಕ್ಕ ಚೊಕ್ಕ.

ಆ ಶಾಲೆಯನ್ನು ಕೆಡವುವ ದಿನ ಬಂತು. ಪಕ್ಕದಲ್ಲಿ ಹೊಸ ಕಟ್ಟಡ ಎದ್ದಿತ್ತು. ಹಳೆಯ ಕೋಣೆಯ ಗೋಡೆಯ ಮೇಲೆ ಅಕ್ಕೋರು ಬಣ್ಣದಲ್ಲಿ ಬರೆದ ಅ ಆ ಇ ಈ ಇನ್ನೂ ಇತ್ತು. ಊರಿನವರೆಲ್ಲ ಕಲಿತದ್ದು ಅದೇ ಗೋಡೆಯಿಂದ. ಗೋಡೆ ಹೋದರೂ ಅಕ್ಷರ ಹೋಗಬಾರದು ಅಂತ ಊರಿನವರು ಮಾತಾಡಿಕೊಂಡರು. ಅಕ್ಕೋರ ಅಕ್ಷರದಲ್ಲೇ ಒಂದು ಮೊದಲ ಪುಸ್ತಕ ಅಚ್ಚು ಮಾಡಿಸಿ ಹೊಸ ಶಾಲೆಯ ಮಕ್ಕಳ ಕೈಗೆ ಕೊಡೋಣ ಅಂದರು. ಅಕ್ಷರಗಾರ ಅದನ್ನು ಕೇಳಿ ತಾನೇ ಓಡಿ ಬಂದ. ಈ ಕೆಲಸ ನನ್ನದು, ಬೇರೆ ಯಾರಿಗೂ ಕೊಡಬೇಡಿ ಅಂದ.

ಅವನಿಗೆ ಒಂದೇ ಅವಸರ. ಅಕ್ಕೋರಿಗೆ ವಯಸ್ಸಾಗಿತ್ತು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಬೇಸಿಗೆ ಹೊತ್ತಿಗೆ ಅದೂ ಹೋಗಬಹುದು ಅಂತ ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವರು ಪುಸ್ತಕವನ್ನು ಕಣ್ಣಾರೆ ನೋಡಿ 'ಇದು ನಂದೇ' ಅನ್ನಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟು.

ಗೋಡೆಯ ಫೋಟೋ ತೆಗೆದ. ಅಕ್ಷರಗಳೆಲ್ಲ ಕೂತ ಮಗುವಿನ ತಲೆಯ ಎತ್ತರದಲ್ಲಿದ್ದವು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಗಲವಾದ ಜಾಗ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಆ ಜಾಗದಲ್ಲೆಲ್ಲ ಎಣ್ಣೆಯ ಕಲೆ. ಅವನು ಕಂಪ್ಯೂಟರಿನಲ್ಲಿ ಕೂತು ಕಲೆ ಒರೆಸಿದ. ಖಾಲಿ ಕತ್ತರಿಸಿದ. ಅಕ್ಷರಗಳನ್ನಷ್ಟೇ ಆರಿಸಿ ಇಟ್ಟುಕೊಂಡ. ಜೋಳ ಕೇರಿದವರು ಹೊಟ್ಟು ತೂರುತ್ತಾರಲ್ಲ, ಹಾಗೆ.

ಒಂದು ಅಕ್ಷರ ಮಾತ್ರ ಅವನ ಕಣ್ಣಿಗೆ ಸರಿ ಕಾಣಲಿಲ್ಲ. ಅದು ಣ. ಬೇರೆ ಅಕ್ಷರಗಳು ಆರಾಮಾಗಿ ಕೈಕಾಲು ಚಾಚಿ ಕೂತಿದ್ದರೆ ಇದೊಂದು ಬಲಗಡೆ ಮುದುಡಿಕೊಂಡಿತ್ತು. ಅಕ್ಕೋರ ಕೈ ಅವತ್ತು ಸೋತಿರಬೇಕು ಅಂದುಕೊಂಡ. ಅದನ್ನು ಹಿಗ್ಗಿಸಿ, ಸುಳಿ ಬಿಡಿಸಿ, ಉಳಿದವುಗಳ ಸಮಕ್ಕೆ ತಂದ. ಅಕ್ಕೋರ ತಪ್ಪನ್ನು ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿದೆ ಅಂತ ಅವನಿಗೆ ಒಳಗೊಳಗೇ ಹಿಗ್ಗು.

ಆಮೇಲೆ ಅಕ್ಷರ ಕೂಡಿಸಿ ಪದ ಮಾಡಿ ನೋಡಿದ. ಒಂದೂ ಸರಿ ಬರಲಿಲ್ಲ. ಅಕ್ಷರಕ್ಕೆ ಅಕ್ಷರ ಡಿಕ್ಕಿ ಹೊಡೆಯುತ್ತಿತ್ತು. ದೀರ್ಘದ ಕೊಂಬು ಪಕ್ಕದ ಅಕ್ಷರದ ಹೊಟ್ಟೆಗೆ ತಿವಿಯುತ್ತಿತ್ತು. ಒತ್ತಕ್ಷರ ಕೆಳಗಿನಿಂದ ಹೋಗಿ ಪಕ್ಕದ ಮನೆಯಲ್ಲಿ ಕೂಡುತ್ತಿತ್ತು. ಸರಿ, ಎಲ್ಲದಕ್ಕೂ ಒಂದೇ ಅಳತೆಯ ಖಾಲಿ ಕೊಟ್ಟ. ಅಳತೆ ಒಂದೇ ಇದ್ದರೇನು, ಕಣ್ಣಿಗೆ ಒಂದೇ ಕಾಣಬೇಕಲ್ಲ. ದುಂಡನೆಯದರ ಪಕ್ಕ ದುಂಡನೆಯದು ಬಂದರೆ ದೂರ ಕಾಣುತ್ತದೆ, ಚಾಚಿದ್ದರ ಪಕ್ಕ ಚಾಚಿದ್ದು ಬಂದರೆ ಹತ್ತಿರ ಕಾಣುತ್ತದೆ. ಪುಸ್ತಕದಲ್ಲಿ ಹಣತೆಯ ಚಿತ್ರ ಇತ್ತು. ಅದರ ಕೆಳಗೆ ಹಣತೆ ಅಂತ ಬರೆದರೆ ತೆ ಒಂದೇ ಜಗಳವಾಡಿಕೊಂಡು ದೂರ ಹೋಗಿ ನಿಂತಿತ್ತು. ಅದಕ್ಕಾಗಿ ಣದ ಬಲಗಡೆಯ ಖಾಲಿ ಕಡಿಮೆ ಮಾಡಿದ. ಹಣತೆ ಸರಿಯಾಯಿತು, ಗಣಪ ಕೆಟ್ಟ. ಪ ಬಂದು ಣದ ಮೇಲೆ ಬಿತ್ತು. ಗಣಪನನ್ನು ಸರಿ ಮಾಡಿದ, ಕಣಜ ಕೆಟ್ಟಿತು. ಒಂದು ಪದಕ್ಕಾಗಿ ಅಕ್ಷರದ ಖಾಲಿ ಮುಟ್ಟಿದರೆ ಆ ಅಕ್ಷರ ಇರುವ ಎಲ್ಲ ಪದವೂ ಕದಲುತ್ತದೆ. ಆ ಕಸುಬಿನಲ್ಲಿ ಪಳಗಿದವನಿಗೆ ಅದು ಗೊತ್ತು, ಆದರೆ ಅವಸರದಲ್ಲಿ ಎಲ್ಲರೂ ಮಾಡುವ ತಪ್ಪಂತೆ ಅದು.

ಹೇಗೋ ಒಗ್ಗಿಸಿ ಒಂದು ಹಾಳೆ ಅಚ್ಚು ಮಾಡಿಸಿಕೊಂಡು ಅಕ್ಕೋರ ಮನೆಗೆ ಹೋದ. ಅಕ್ಕೋರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಅಕ್ಷರ ನನ್ನವೇ ಅದಾವಪ್ಪಾ," ಅಂದರು. "ಆದ್ರ ಇದು ನಾ ಬರದದ್ದಲ್ಲ."

ಅವನು ಹಾಳೆಯ ಮೇಲೆ ಬಗ್ಗಿದ. "ಏನು ತಪ್ಪಾಗೇದ ಹೇಳ್ರಿ ಅಕ್ಕೋರೆ. ತಿದ್ದಿಕೊಂಡು ಬರ್ತೀನಿ."

"ಹಿಂಗ ಒತ್ತಿ ಒತ್ತಿ ನಾ ಯಾರನ್ನೂ ಕುಂಡ್ರಿಸಿಲ್ಲ. ನನ್ನ ಒಮ್ಮೆ ಸಾಲಿಗೆ ಕರ್ಕೊಂಡು ಹೋಗು. ಗೋಡಿ ಇನ್ನ ಅದ ಏನು?"

ಗೋಡೆ ಇತ್ತು. ಮೇಲಿನ ತಗಡು ಬಿಚ್ಚಿ ಒಯ್ದಿದ್ದರು. ಬಿಸಿಲು ನೇರ ಗೋಡೆಗೆ ಬೀಳುತ್ತಿತ್ತು. ಅಕ್ಕೋರು ಕೈಯಿಂದ ಗೋಡೆ ಸವರುತ್ತ ನಡೆದರು. ಅವರ ಕೈ ಅಕ್ಷರದ ಮೇಲೆ ನಿಲ್ಲಲಿಲ್ಲ. ನಿಂತದ್ದು ಎಣ್ಣೆಯ ಕಲೆಯ ಮೇಲೆ. "ಇಲ್ಲಿ ಗಂಗವ್ವ ಕುಂಡ್ರತಿದ್ಲು," ಅಂದರು. "ಅವರವ್ವ ತಲಿಗೆ ಎಣ್ಣಿ ಸುರುವಿ ಕಳಿಸ್ತಿದ್ಲು." ಹೇಳಿ ಒಬ್ಬರೇ ನಕ್ಕರು.

ಆಗ ಅವನಿಗೆ ಹಳೆಯದೆಲ್ಲ ನೆನಪಾಯಿತು. ಶಾಲೆಯಲ್ಲಿ ಬೆಂಚಿರಲಿಲ್ಲ. ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದರು. ಎಣ್ಣೆ ತಲೆ ತಾಗಿದರೆ ಅಕ್ಷರ ಹೋಗುತ್ತದೆ. ಅದಕ್ಕೆ ಅಕ್ಕೋರು ಏನು ಮಾಡಿದ್ದರು ಗೊತ್ತೇ? ಅದನ್ನು ಗೋಡೆಯ ಮುಂದೆ ನಿಂತು ಅವರೇ ಅವನಿಗೆ ಹೇಳಿದರು. ಗೋಡೆ ಬರೆಯುವ ದಿನ ಮೊದಲು ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಒಬ್ಬೊಬ್ಬರ ಭುಜದ ಪಕ್ಕ ಇದ್ದಿಲಿನಿಂದ ಗೆರೆ ಎಳೆದಿದ್ದರು. ಮಕ್ಕಳನ್ನು ಎಬ್ಬಿಸಿ, ಉಳಿದ ಜಾಗದಲ್ಲಿ ಅಕ್ಷರ ಬರೆದಿದ್ದರು. ಮೊದಲು ಮಗುವಿನ ಜಾಗ, ಆಮೇಲೆ ಅಕ್ಷರದ ಜಾಗ. ಅವನು ಹೊಟ್ಟು ಅಂತ ತೂರಿದ್ದು ಮಕ್ಕಳು ಕೂತ ಜಾಗವನ್ನು.

ಅವನು ಣದ ಮುಂದೆ ಬಂದು ನಿಂತ. "ಅಕ್ಕೋರೆ, ಇದೊಂದು ಯಾಕ ಹಿಂಗ ಮುದುಡೇದ? ನಾ ಇದನ್ನ ಸರಿ ಮಾಡೀನಿ."

"ಅದನ್ನ ಸರಿ ಮಾಡಬ್ಯಾಡಪ್ಪಾ," ಅಂದರು ಅಕ್ಕೋರು. "ಅದು ನಿನ್ನ ಜಾಗ. ಗೋಡಿ ಬರದು ಮುಗದ ಮ್ಯಾಲೆ ನೀ ಬಂದಿ. ನಿಮ್ಮಪ್ಪ ನಿನ್ನ ಬಾಗಿಲದಾಗ ನಿಲ್ಲಿಸಿ ಹ್ವಾದ. ಎಲ್ಲಿ ಕುಂಡ್ರಿಸಲಿ? ಈ ಕಡೆ ಫಕೀರಪ್ಪ ಸರಿದ. ಆ ಕಡೆ ಮಾಬೂಬಿ ಸರಿದ್ಲು. ಆದ್ರೂ ನೀ ಹಿಡೀಲಿಲ್ಲ. ಆಮ್ಯಾಲೆ ಣ ಅಳಿಸಿ ಸಣ್ಣಗ ಬರದೆ."

ಅವನು ನೋಡಿದ. ಣದ ಎಡಗಡೆ ಫಕೀರಪ್ಪನ ಕಲೆ ಸರಿದು ಢದ ಅಂಚನ್ನು ತಿಂದಿತ್ತು. ತದ ಬಲಗಡೆ ಮಾಬೂಬಿಯ ಕಲೆ ಥದ ಮೇಲೆ ಹತ್ತಿತ್ತು. ಢ ಮತ್ತು ಥ ಎರಡನ್ನೂ ಅಕ್ಕೋರು ಅವು ಮಾಸಿದಾಗಲೆಲ್ಲ ಮತ್ತೆ ಮತ್ತೆ ತಿದ್ದಿದ್ದು ಬಣ್ಣದ ದಪ್ಪದಲ್ಲಿ ಕಾಣುತ್ತಿತ್ತು. ಣ ಮತ್ತು ತ ನಡುವೆ ಒಂದು ಸಣ್ಣ ಕಲೆ. ಅದು ಅವನ ತಲೆಯದು.

ಅವನು ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟ. ದೊಡ್ಡವನಾಗಿದ್ದನಲ್ಲ, ಜಾಗ ಹಿಡಿಯಲಿಲ್ಲ. ಭುಜ ಎರಡೂ ಅಕ್ಷರಗಳ ಮೇಲೆ ಬಂತು. ಕೂತು ಅತ್ತನಂತೆ. 'ದುಃಖಕ್ಕಲ್ಲ ಅಜ್ಜಾರ, ನನಗೂ ಒಂದು ಜಾಗ ಮಾಡಿದ್ದರಲ್ಲ ಅಂತ ಸಂತೋಷಕ್ಕೆ' ಅಂತ ಇಲ್ಲಿ ಬಂದಾಗ ನನಗೆ ಹೇಳಿದ. ಹೇಳುವಾಗಲೂ ಅವನ ಕಣ್ಣು ತುಂಬಿತ್ತು. ಅವತ್ತಿನವರೆಗೆ ತಾನು ಕ್ವಾರಿಯಿಂದ ಎದ್ದು ಬಂದು, ಅಕ್ಕೋರನ್ನು ಬಿಟ್ಟರೆ ಯಾರ ನೆರವೂ ಇಲ್ಲದೆ ಕಲಿತವನು ಅಂತ ಎದೆ ಸೆಟೆಸಿ ನಡೆದಿದ್ದ. ಒಂದು ಅಕ್ಷರ ತನ್ನ ಮೈ ಸಣ್ಣದು ಮಾಡಿಕೊಂಡಿದ್ದು ಅವನಿಗೆ ಕಾಣಿಸಿರಲಿಲ್ಲ. ಕಂಡಾಗ ಅದನ್ನು ತಪ್ಪು ಅಂತ ತಿದ್ದಿದ್ದ.

ವಾಪಸ್ಸು ಹೋಗಿ ಕೆಲಸವನ್ನು ಮೊದಲಿನಿಂದ ಶುರುಮಾಡಿದ. ಹಿಗ್ಗಿಸಿದ ಣ ತೆಗೆದು ಹಾಕಿ ಮುದುಡಿದ ಣ ಇಟ್ಟ. ಮೊದಲು ಅಕ್ಷರ ನೋಡಿಕೊಂಡು ಖಾಲಿ ಬಿಡುತ್ತಿದ್ದ, ಈಗ ಖಾಲಿ ನೋಡಿಕೊಂಡು ಅಕ್ಷರ ಸರಿಸಿದ. ಪ್ರತಿ ಅಕ್ಷರವನ್ನೂ ಎರಡು 'ನ' ಅಕ್ಷರಗಳ ನಡುವೆ ಕೂರಿಸಿ ನೋಡುವುದು ಅವರ ಕಸುಬಿನಲ್ಲಿ ಒಂದು ಪದ್ಧತಿಯಂತೆ. ಹಾಗೆ ಒಂದೊಂದನ್ನೇ ಕೂರಿಸಿದ. ಇದರ ಪಕ್ಕ ಒಬ್ಬರು ಕೂಡಬೇಕು, ಅವರಿಗೆ ಹಿಡಿಯುತ್ತದೆಯೇ ಅಂತ ಕೇಳಿಕೊಂಡ. ಒತ್ತಕ್ಷರ ಇದ್ದಲ್ಲಿ ಕೆಳಗಡೆ ಯಾರ ಕಾಲು ಯಾರಿಗೆ ತಾಗುತ್ತದೆ ಅಂತ ನೋಡಿದ. ಎಲ್ಲ ಅಕ್ಷರಕ್ಕೂ ಅದರದರ ಖಾಲಿ ನೆಟ್ಟಗಾದ ಮೇಲೆ, ಆಗಲೂ ಹೊಂದದ ಜೋಡಿಗಳನ್ನು ಮಾತ್ರ ಬೇರೆಯಾಗಿ ಸರಿಪಡಿಸಿದ. ಹಣತೆ ಕೂತಿತು. ಗಣಪನೂ ಕೂತ. ಹೊಸದಾಗಿ ಓದುವ ಮಗುವಿನ ಬೆರಳು ಎಡವದ ಹಾಗೆ ಸಾಲು ಆರಾಮಾಯಿತು.

ಹಾಳೆ ತೆಗೆದುಕೊಂಡು ಮತ್ತೆ ಅಕ್ಕೋರ ಹತ್ತಿರ ಹೋದ. ಚಳಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಅಕ್ಕೋರಿಗೆ ಈಗ ಹಾಳೆ ಇನ್ನೂ ಹತ್ತಿರ ಬೇಕಾಗಿತ್ತು. ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಬಂದರು. ಹಣತೆಯಲ್ಲಿ ಣ ದಾಟಿದ ಮೇಲೆ ಬೆರಳು ನಿಂತಿತು. ಏನೂ ಇಲ್ಲದ ಜಾಗದ ಮೇಲೆ ನಿಂತಿತು.

"ಇಲ್ಲಿ ನೀ ಇದ್ದಿ," ಅಂದರು. ಆಮೇಲೆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇದು ನಂದೇ," ಅಂದರು.

ಅವನು ಅವರ ಕಾಲು ಮುಟ್ಟಿದ. ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕಿ ಕೃತಜ್ಞತೆ ಬರೆಯುತ್ತೇನೆ ಅಂದ. ಅಕ್ಕೋರು ಬೇಡ ಅಂದರು. ಕಲಿಸೋದು ನನ್ನ ಕೆಲಸ ಆಗಿತ್ತು, ಸರಿಯೋದು ಆ ಹುಡುಗರ ಕೆಲಸ ಆಗಿರಲಿಲ್ಲ, ಅವರ ಹೆಸರು ಹಾಕು ಅಂದರು.

ಫಕೀರಪ್ಪ ಅದೇ ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಅಕ್ಷರಗಾರ ಗಿರಣಿಗೆ ಹೋದ. ಗಿರಣಿ ಓಡುತ್ತಿತ್ತು. ಮೈಯೆಲ್ಲ ಹಿಟ್ಟು ಮಾಡಿಕೊಂಡ ಫಕೀರಪ್ಪ ಜೋಳದ ಚೀಲದ ಮೇಲೆ ಕೂತಿದ್ದ. ಇವನು ನಿಂತೇ, ಗಿರಣಿಯ ಸದ್ದಿನಲ್ಲಿ ಗಂಟಲು ಎತ್ತರಿಸಿ, ನೀನು ನನಗಾಗಿ ಸರಿದಿದ್ದೆ, ನಿನ್ನ ಉಪಕಾರ ದೊಡ್ಡದು ಅಂತ ಹೇಳಿದ. ಫಕೀರಪ್ಪನಿಗೆ ಅದು ನೆನಪೇ ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಸರಿದಿರಬೇಕು ಬಿಡು," ಅಂದ. "ಒಬ್ಬಾವ ನಿಂತಿದ್ರ ಕುಂತವ್ರು ಸರೀತಾರಪ್ಪ. ನೀ ಯಾಕ ನಿಂತೀ, ಬಾ ಕುಂಡ್ರು."

ಹಾಗೆ ಹೇಳಿ ಚೀಲದ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದ. ಮತ್ತೆ ಸರಿದದ್ದೂ ಅವನಿಗೆ ಗೊತ್ತಾಗಲಿಲ್ಲ. ಅಕ್ಷರಗಾರ ಪಕ್ಕದಲ್ಲಿ ಕೂತ. ಬಟ್ಟೆಗೆಲ್ಲ ಹಿಟ್ಟಾಯಿತು. ಅಂಥ ಒಳ್ಳೆಯ ಜಾಗದಲ್ಲಿ ತಾನು ಎಂದೂ ಕೂತಿರಲಿಲ್ಲ ಅಂದ.

ಮಾಬೂಬಿಯನ್ನು ಯಾವುದೋ ದೂರದ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಆಕೆಯನ್ನು ಇನ್ನೂ ಹುಡುಕುತ್ತಿದ್ದಾನೆ. ಹೋದಲ್ಲಿ ಬಂದಲ್ಲಿ ಕೇಳುತ್ತಾನೆ. ಇಲ್ಲಿಗೆ ಬಂದದ್ದೂ ಅದಕ್ಕೇ. ಮಠಕ್ಕೆ ಹತ್ತೂರಿನ ಜನ ಬರುತ್ತಾರೆ, ಯಾರಿಗಾದರೂ ಗೊತ್ತಿರಬಹುದು ಅಂತ. ನನಗೆ ಗೊತ್ತಿರಲಿಲ್ಲ. ಊಟ ಮಾಡಿ ಹೋಗು ಅಂದೆ. ಮಾಡಿ ಹೋದ. ಪುಸ್ತಕ ಅಚ್ಚಾಯಿತು. ಅಕ್ಕೋರ ಕಣ್ಣು ಹೋಗುವ ಮೊದಲೇ ಅವರ ಕೈಗೆ ಬಂತು. ಮೊದಲ ಪುಟದಲ್ಲಿ ಆ ಎರಡು ಹೆಸರುಗಳಿವೆ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೈಮುಗಿದು ಕೇಳಿದ.

"ಗುರುಗಳೇ, ನನಗೂ ಜಾಗ ಬಿಟ್ಟವರು ಇರಬೇಕು ಎಂದು ಈಗ ಅನಿಸುತ್ತಿದೆ. ಆದರೆ ಅವನಿಗೆ ಗೋಡೆಯಿತ್ತು, ಹೇಳಲು ಅಕ್ಕೋರಿದ್ದರು. ಸರಿದವರಿಗೇ ನೆನಪಿಲ್ಲ ಎಂದ ಮೇಲೆ ನನಗೆ ಹೇಳುವವರು ಯಾರು? ನಾಳೆ ನಾನು ಯಾರ ಹೆಸರಿನಿಂದ ಶುರುಮಾಡಲಿ?"

ಗುರುಗಳು ಅವನ ಬೆನ್ನ ಹಿಂದೆ ಒಮ್ಮೆ ನೋಡಿ ಕೇಳಿದರು:

"ನೀನು ಬರುವ ಮೊದಲು ಆ ಕಂಬಕ್ಕೆ ಒರಗಿ ಕೂತಿದ್ದವರ ಹೆಸರೇನಪ್ಪ?"